ಕರಾವಳಿಯ ಸೆಕೆಗೆ ಯಾವ ಫೇಸ್‌ವಾಶ್, ಯಾವ ಕ್ರೀಮ್, ಯಾವ ಸನ್‌ಸ್ಕ್ರೀನ್? ನಿಮ್ಮ ಚರ್ಮ ನೋಡಿ ಆರಿಸುವ ಬಗೆ

ನನ್ನ ಅಕ್ಕ ಇರುವುದು ದುಬೈಯಲ್ಲಿ, ನಾನು ಮಂಗಳೂರಿನಲ್ಲಿ. ಒಂದೇ ಅಮ್ಮನ ಮಕ್ಕಳು. ಮುಖದ ಚರ್ಮವೂ ಹೆಚ್ಚುಕಡಿಮೆ ಒಂದೇ: ಹಣೆ, ಮೂಗಿನ ಮೇಲೆ ಜಿಡ್ಡು, ಕೆನ್ನೆ ಸಾಧಾರಣ. ಊರಿಗೆ ಬರುವಾಗ ಅವಳು ತಾನು ಹಚ್ಚುವ ದಪ್ಪ ಕ್ರೀಮಿನದ್ದೇ ಒಂದು ಡಬ್ಬಿ ನನಗೂ ತರುತ್ತಾಳೆ. ಅಲ್ಲಿ ಅವಳು ಬೆಳಗ್ಗಿನಿಂದ ರಾತ್ರಿವರೆಗೆ ಎಸಿಯಲ್ಲಿ. ಒಣ ಗಾಳಿ ಚರ್ಮದ ನೀರನ್ನು ಎಳೆದುಕೊಳ್ಳುತ್ತದೆ, ಕ್ರೀಮ್ ಅದಕ್ಕೆ ಮುಚ್ಚಳ ಹಾಕುತ್ತದೆ. ಅದನ್ನೇ ನಾನು ಹಚ್ಚಿ ಮೇ ತಿಂಗಳಲ್ಲಿ ಇಲ್ಲಿನ ಜ್ಯೋತಿ ಬಸ್‌ಸ್ಟಾಪಿನಲ್ಲಿ ಬಸ್ಸಿಗೆ ಕಾದರೆ, ಹತ್ತು ನಿಮಿಷದಲ್ಲಿ ಬೆವರೂ ಕ್ರೀಮೂ ಸೇರಿ ಕುತ್ತಿಗೆಗೆ ಇಳಿಯುತ್ತದೆ. ನಾಲ್ಕನೇ ದಿನಕ್ಕೆ ಹಣೆ ತುಂಬ ಸಣ್ಣ ಗುಳ್ಳೆ. ಕ್ರೀಮ್ ಒಳ್ಳೆಯದೇ. ಆದರೆ ಅದು ಈ ಊರಿಗೆ ಆಗುವುದಿಲ್ಲ.

ಬಾಟಲಿಯ ಮೇಲೆ ‘ಜಿಡ್ಡು ಚರ್ಮಕ್ಕೆ’, ‘ಒಣ ಚರ್ಮಕ್ಕೆ’ ಅಂತ ಮಾತ್ರ ಬರೆದಿರುತ್ತದೆ. ನೀವು ದಿನದ ಎಷ್ಟು ಹೊತ್ತು ಬಿಸಿಲಲ್ಲಿ ಇರುತ್ತೀರಿ, ಎಷ್ಟು ಹೊತ್ತು ಎಸಿಯಲ್ಲಿ, ಮನೆಗೆ ಬರುವುದು ಬಾವಿ ನೀರಾ ಬೋರ್‌ವೆಲ್ ನೀರಾ, ಸ್ಕೂಟರಾ ಬಸ್ಸಾ, ಇದೆಲ್ಲ ಅವರಿಗೆ ಹೇಗೆ ಗೊತ್ತಾಗಬೇಕು? ಅದು ನಿಮಗೆ ಮಾತ್ರ ಗೊತ್ತು. ಹಾಗಾಗಿ ಯಾವುದೇ ವಸ್ತು ಆರಿಸುವಾಗ ಚರ್ಮದ ಜೊತೆಗೆ ನಿಮ್ಮ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಣಿಪಾಲದಲ್ಲಿ ಎಸಿ ಆಫೀಸಿನಲ್ಲಿ ಕೂರುವವರಿಗೂ ಮಲ್ಪೆಯ ಬಂದರಿನಲ್ಲಿ ಮೀನು ಲೆಕ್ಕ ಮಾಡುವವರಿಗೂ ನಡುವೆ ಕೆಲವೇ ಕಿಲೋಮೀಟರ್ ದೂರ. ಮುಖಕ್ಕೆ ಬೇಕಾದ್ದು ಮಾತ್ರ ತುಂಬ ಬೇರೆ.

ಮೊದಲು ಒಂದು ಸಣ್ಣ ಪರೀಕ್ಷೆ

ಸಂಜೆ ಮುಖ ತೊಳೆಯಿರಿ. ಬೈರಾಸಿನಿಂದ ಉಜ್ಜಬೇಡಿ, ಒತ್ತಿ ಒರೆಸಿ. ಏನೂ ಹಚ್ಚದೆ ಫ್ಯಾನಿನ ಕೆಳಗೆ ಒಂದು ಗಂಟೆ ಕುಳಿತುಕೊಳ್ಳಿ. ಆ ಹೊತ್ತಿಗೆ ಅಡುಗೆಮನೆ ಬೇಡ, ಎಸಿಯೂ ಬೇಡ. ಆಮೇಲೆ ಒಂದು ತೆಳು ಟಿಶ್ಯೂವನ್ನು ಹಣೆ, ಮೂಗು, ಎರಡು ಕೆನ್ನೆ, ಗಲ್ಲಕ್ಕೆ ಒತ್ತಿ.

ನಮ್ಮ ಊರಿನಲ್ಲಿ ಇಲ್ಲೊಂದು ತೊಡಕು ಉಂಟು. ಟಿಶ್ಯೂ ಒದ್ದೆಯಾದ ಕೂಡಲೇ ‘ನನ್ನದು ಜಿಡ್ಡು ಚರ್ಮ’ ಅಂದುಕೊಳ್ಳುತ್ತೇವೆ. ಅರ್ಧ ಸಲ ಅದು ಬರೀ ಬೆವರು. ಟಿಶ್ಯೂವನ್ನು ಐದು ನಿಮಿಷ ಹಾಗೇ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ಬೆವರಾದರೆ ಒಣಗಿ ಮಾಯವಾಗಿರುತ್ತದೆ. ಎಣ್ಣೆಯಾದರೆ ಗೋಳಿಬಜೆ ಕಟ್ಟಿಕೊಟ್ಟ ಕಾಗದದ ಹಾಗೆ ಅಲ್ಲಲ್ಲಿ ಪಾರದರ್ಶಕ ಕಲೆ ಉಳಿದಿರುತ್ತದೆ. ಎಲ್ಲ ಕಡೆ ಕಲೆ ಇದ್ದರೆ ಜಿಡ್ಡು ಚರ್ಮ. ಹಣೆ, ಮೂಗಿನಲ್ಲಿ ಮಾತ್ರ ಇದ್ದರೆ ಮಿಶ್ರ ಚರ್ಮ. ಎಲ್ಲೂ ಇಲ್ಲದೆ ಕೆನ್ನೆ ಬಿಗಿದ ಹಾಗೆ ಆದರೆ ಒಣ ಚರ್ಮ. ಇನ್ನೊಂದು ಬಗೆಯೂ ಉಂಟು: ಹಣೆಯಲ್ಲಿ ಎಣ್ಣೆ ಕಲೆ, ಆದರೂ ಮುಖ ಬಿಗಿ, ಉರಿ. ದಿನಕ್ಕೆ ನಾಲ್ಕೈದು ಸಲ ಸೋಪು ಹಾಕಿ ಮುಖ ತೊಳೆಯುವವರಲ್ಲಿ ಇದು ತುಂಬ ಸಾಮಾನ್ಯ. ಇವರಿಗೆ ಬೇಕಾದ್ದು ಇನ್ನೂ ಸ್ಟ್ರಾಂಗ್ ಫೇಸ್‌ವಾಶ್ ಅಲ್ಲ, ಕಡಿಮೆ ತೊಳೆಯುವುದು.

ಮೇಯಲ್ಲಿ ಒಮ್ಮೆ, ಆಟಿಯ ಮಳೆಯಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಈ ಪರೀಕ್ಷೆ ಮಾಡಿ. ನನಗೆ ಮೇಯಲ್ಲಿ ನಾಲ್ಕು ಕಲೆ ಬಂದರೆ ಡಿಸೆಂಬರ್‌ನಲ್ಲಿ ಮೂಗಿನ ಮೇಲೆ ಒಂದೇ.

ಸೋಪಾ, ಫೇಸ್‌ವಾಶಾ, ಕಡ್ಲೆಹಿಟ್ಟಾ?

ನಮ್ಮ ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯ, ಅಂದರೆ ಹುಳಿ-ಕ್ಷಾರ ಅಳೆಯುವ ಪಿಎಚ್ ಸುಮಾರು 5. ಮಾಮೂಲಿ ಮೈಸೋಪಿನದ್ದು 9ರಿಂದ 10, ಅಂದರೆ ಕ್ಷಾರ. ಮೈಗೆ ಅದು ಹೇಗೋ ನಡೆಯುತ್ತದೆ. ಮುಖಕ್ಕೆ ದಿನಾ ಹಾಕಿದರೆ ಚರ್ಮವನ್ನು ಕಾಯುವ ಕೊಬ್ಬೂ ತೊಳೆದು ಹೋಗುತ್ತದೆ. ಜೊತೆಗೆ ನೀರಿನ ವಿಷಯ. ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಬೆಳ್ಳಗೆ ಅಂಟಿಕೊಳ್ಳುತ್ತದೆ. ಬೋರ್‌ವೆಲ್ ನೀರು ಬರುವ ಅಪಾರ್ಟ್‌ಮೆಂಟ್‌ಗಳಲ್ಲಿ ಬಕೆಟ್ಟಿನ ಅಂಚು ನೋಡಿದರೇ ಗೊತ್ತಾಗುತ್ತದೆ. ನದಿ ಸಮುದ್ರ ಸೇರುವ ಬದಿಯ ಬಾವಿಗಳಲ್ಲಿ ಏಪ್ರಿಲ್, ಮೇಯಲ್ಲಿ ನೀರು ಉಪ್ಪಾಗುವುದೂ ಉಂಟು. ಇಂಥ ನೀರಿಗೆ ಸೋಪಿಗಿಂತ ಫೇಸ್‌ವಾಶ್ ಒಳ್ಳೆಯದು, ಅದು ಗಡಸು ನೀರಿನಲ್ಲೂ ಸರಿಯಾಗಿ ಕೆಲಸ ಮಾಡುತ್ತದೆ. ಬಾರ್ ಬೇಕು ಅನ್ನುವವರು ಸಿಂಡೆಟ್ ಬಾರ್ ಕೇಳಿ. ನೋಡಲು ಸೋಪಿನ ಹಾಗೆ, ಆದರೆ ಪಿಎಚ್ ಚರ್ಮಕ್ಕೆ ಹತ್ತಿರ.

ಜಿಡ್ಡು ಇದ್ದವರಿಗೆ ಜೆಲ್ ಥರದ ಫೇಸ್‌ವಾಶ್, ಒಣ ಚರ್ಮಕ್ಕೆ ನೊರೆ ಕಡಿಮೆ ಬರುವ, ಹಾಲಿನ ಥರದ್ದು. ಮೊಡವೆ ಇದ್ದರೆ 1ರಿಂದ 2 ಶೇಕಡಾ ಸ್ಯಾಲಿಸಿಲಿಕ್ ಆಸಿಡ್ ಇರುವುದು. ಇದು ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ಎಣ್ಣೆ ತುಂಬಿದ ರಂಧ್ರದ ಒಳಗೆ ಇಳಿಯುತ್ತದೆ. ದಿನಕ್ಕೆ ಎರಡು ಸಲ ತೊಳೆದರೆ ಸಾಕು. ಮಧ್ಯೆ ಬೆವರಿದರೆ ಬರೀ ನೀರು.

ಕಡ್ಲೆಹಿಟ್ಟು, ಹೆಸರುಹಿಟ್ಟಿನ ಬಗ್ಗೆ ನನಗೆ ಪ್ರೀತಿ ಉಂಟು. ಅಜ್ಜಿ ಎಣ್ಣೆಸ್ನಾನದ ದಿನ ಬೆನ್ನಿಗೆ ಉಜ್ಜುತ್ತಿದ್ದ ಪರಿಮಳ ಈಗಲೂ ಮೂಗಲ್ಲೇ ಇದೆ. ಮೈಗೆ, ಅಪರೂಪಕ್ಕೆ, ನುಣ್ಣಗೆ ಜರಡಿ ಹಿಡಿದು ಹಾಕಿ. ಮೊಡವೆ ಇರುವ ಮುಖಕ್ಕೆ ಮಾತ್ರ ಉಜ್ಜಬೇಡಿ, ಕೆರಳುತ್ತದೆ. ನಿಂಬೆರಸ ಸೇರಿಸುವುದಂತೂ ಬೇಡವೇ ಬೇಡ. ಅದು ತೀರಾ ಹುಳಿ, ಪಿಎಚ್ 2ರ ಹತ್ತಿರ. ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗಾಗಿ ಕಪ್ಪು ಕಲೆ ಉಳಿಯಬಹುದು.

ಜೆಲ್, ಲೋಷನ್, ಕ್ರೀಮ್, ತೆಂಗಿನೆಣ್ಣೆ

‘ಇಷ್ಟು ಬೆವರುವಾಗ ಮಾಯಿಶ್ಚರೈಸರ್ ಯಾಕೆ?’ ಅಂತ ಇಲ್ಲಿ ಎಲ್ಲರೂ ಕೇಳುತ್ತಾರೆ. ಬೆವರು ಚರ್ಮದ ಮೇಲೆ ಇರುವ ನೀರು, ಅದು ಆರುತ್ತದೆ. ಮಾಯಿಶ್ಚರೈಸರ್ ಒಳಗಿನ ನೀರನ್ನು ಹಿಡಿದಿಡಲು. ಎರಡೂ ಬೇರೆ ಬೇರೆ.

ಸೆಕೆಯಲ್ಲಿ ತಿರುಗುವವರಿಗೆ, ಜಿಡ್ಡು ಚರ್ಮಕ್ಕೆ ಜೆಲ್. ಗ್ಲಿಸರಿನ್ ಅಥವಾ ಹಯಲೂರಾನಿಕ್ ಆಸಿಡ್ ಇದ್ದರೆ ಸಾಕು, ಇವು ನೀರನ್ನು ಎಳೆದು ಹಿಡಿಯುತ್ತವೆ. ಆದರೆ ಇಡೀ ದಿನ ಎಸಿಯಲ್ಲಿ ಕೂರುವವರಿಗೆ ಬರೀ ಜೆಲ್ ಮಧ್ಯಾಹ್ನಕ್ಕೇ ಖಾಲಿ ಅನ್ನಿಸುತ್ತದೆ. ಅವರಿಗೆ ತೆಳು ಲೋಷನ್ ಸರಿ. ಕ್ರೀಮ್ ನಿಜವಾಗಿ ಒಣ ಚರ್ಮದವರಿಗೆ, ವಯಸ್ಸಾದವರಿಗೆ, ಡಿಸೆಂಬರ್‌, ಜನವರಿಯ ರಾತ್ರಿಗಳಿಗೆ. ಅಕ್ಕ ತಂದ ಡಬ್ಬಿ ಈಗ ನಾನು ಬೆಂಗಳೂರಿಗೆ ಹೋಗುವಾಗ ಬ್ಯಾಗಿಗೆ ಹಾಕುವ ಡಬ್ಬಿ. ಅಲ್ಲಿನ ಜನವರಿ ಗಾಳಿಗೆ ಎರಡನೇ ದಿನವೇ ನನ್ನ ಕೆನ್ನೆ ಸಿಪ್ಪೆ ಏಳುತ್ತದೆ.

ತೆಂಗಿನೆಣ್ಣೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನಮ್ಮ ಮನೆಗಳಲ್ಲಿ ಅದು ಇಲ್ಲದ ದಿನವಿಲ್ಲ. ಕೈಕಾಲಿಗೆ, ಒಣಗಿದ ಹಿಮ್ಮಡಿಗೆ, ಒಣ ಚರ್ಮದ ಮಕ್ಕಳ ಮೈಗೆ ಅದು ಒಳ್ಳೆಯದು. ಸ್ನಾನ ಮುಗಿಸಿ ಮೈ ಇನ್ನೂ ತೇವ ಇರುವಾಗ ತೆಳುವಾಗಿ ಹಚ್ಚಿದರೆ ಪೇಟೆಯ ಎಷ್ಟೋ ಲೋಷನ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಮೊಡವೆ ಏಳುವ ಮುಖಕ್ಕೆ ಮಾತ್ರ ಅದು ಬೇಡ, ರಂಧ್ರ ಕಟ್ಟುವ ಗುಣ ಅದರಲ್ಲಿ ಜಾಸ್ತಿ. ತಲೆಗೆ ಹಾಕಿದ ಎಣ್ಣೆಯೂ ಅಷ್ಟೇ. ನನ್ನ ಚಿಕ್ಕಮ್ಮನ ಮಗಳಿಗೆ ಹಣೆಯ ಮೇಲೆ, ಕೂದಲಿನ ಅಂಚಿಗೆ ಸರಿಯಾಗಿ ಒಂದು ಸಾಲು ಗುಳ್ಳೆ. ಕೆನ್ನೆ ನುಣ್ಣಗೆ. ಮೂರು ಬಗೆಯ ಫೇಸ್‌ವಾಶ್ ಬದಲಿಸಿದಳು. ಕೊನೆಗೆ ನೋಡಿದರೆ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿ, ಜಡೆ ಬಿಗಿದು, ಹೆಲ್ಮೆಟ್ ಹಾಕಿ ಕಾಲೇಜಿಗೆ ಹೋಗುತ್ತಿದ್ದಳು. ಸೆಕೆಗೆ ಎಣ್ಣೆ ಹಣೆಗೆ ಇಳಿಯುತ್ತಿತ್ತು, ಹೆಲ್ಮೆಟ್ಟಿನ ಬಟ್ಟೆ ಅದನ್ನೇ ಒತ್ತಿ ಹಿಡಿಯುತ್ತಿತ್ತು. ಎಣ್ಣೆಯನ್ನು ಭಾನುವಾರ ತಲೆಸ್ನಾನಕ್ಕೆ ಎರಡು ಗಂಟೆ ಮೊದಲು ಮಾತ್ರ ಅಂತ ಮಾಡಿದಳು, ಹೆಲ್ಮೆಟ್ ಒಳಗೆ ತೆಳು ಹತ್ತಿಬಟ್ಟೆ ಕಟ್ಟಿಕೊಂಡಳು. ಒಂದೂವರೆ ತಿಂಗಳಲ್ಲಿ ಹಣೆ ತಿಳಿಯಾಯಿತು. ಹೊಸದಾಗಿ ಏನೂ ಕೊಳ್ಳಲಿಲ್ಲ.

ಸನ್‌ಸ್ಕ್ರೀನ್: ದುಡ್ಡು ಹಾಕುವುದಾದರೆ ಇಲ್ಲಿ

ಮಾರ್ಚ್‌ನಿಂದ ಮೇವರೆಗೆ ಇಲ್ಲಿ ನಡು ಮಧ್ಯಾಹ್ನದ ಯುವಿ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಕಿರಣ) ಸೂಚ್ಯಂಕ 11 ದಾಟುವುದು ಸಾಮಾನ್ಯ. 3 ದಾಟಿದರೇ ಚರ್ಮವನ್ನು ಕಾಪಾಡಿಕೊಳ್ಳಬೇಕು ಅನ್ನುತ್ತಾರೆ. ಮೋಡ ಇದ್ದರೂ ಯುವಿ ಕಿರಣ ಬರುತ್ತದೆ. ಅದರಲ್ಲಿ ಯುವಿಎ ಅನ್ನುವುದು ಕಿಟಕಿಯ ಗಾಜನ್ನೂ ದಾಟುತ್ತದೆ. ಸಮುದ್ರದ ಬದಿಯಲ್ಲಿ ಮರಳೂ ಅದನ್ನು ತಿರುಗಿ ಮುಖಕ್ಕೆ ಎಸೆಯುತ್ತದೆ. ತಣ್ಣೀರುಬಾವಿಯಲ್ಲಿ ಕೊಡೆ ಹಿಡಿದು ಕುಳಿತರೂ ಮುಖ ಕಪ್ಪಾಗುವುದು ಅದಕ್ಕೇ.

ಎಸ್‌ಪಿಎಫ್ 30 ಸುಡುವ ಯುವಿಬಿ ಕಿರಣದ ಸುಮಾರು 97 ಶೇಕಡಾ ತಡೆಯುತ್ತದೆ, 50 ಸುಮಾರು 98. ವ್ಯತ್ಯಾಸ ಇಷ್ಟೇ. ಆದರೆ ಇದು ಸರಿಯಾದ ಪ್ರಮಾಣದಲ್ಲಿ ಹಚ್ಚಿದಾಗಿನ ಲೆಕ್ಕ. ನಾವು ಯಾರೂ ಅಷ್ಟು ಹಚ್ಚುವುದಿಲ್ಲ, ಹಾಗಾಗಿ ನಾನು 50 ತೆಗೆದುಕೊಳ್ಳುತ್ತೇನೆ. ಪಕ್ಕದಲ್ಲಿ ಪಿಎ ಗುರುತಿನ ಮುಂದೆ ಮೂರು ಅಥವಾ ನಾಲ್ಕು ಪ್ಲಸ್ ಇರುವುದನ್ನು ನೋಡಿ, ಅದು ಯುವಿಎ ತಡೆಯುವ ಅಳತೆ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಆಗುತ್ತದೆ. ದಿನಾ ಒಮ್ಮೆ ಹೀಗೆ ಹಚ್ಚಿದರೂ 50 ಗ್ರಾಂನ ಟ್ಯೂಬ್ ಒಂದೂವರೆ ತಿಂಗಳಿಗೆ ಮುಗಿಯಬೇಕು. ನಿಮ್ಮದು ಆರು ತಿಂಗಳು ಬರುತ್ತಿದೆ ಅಂದರೆ ಹಚ್ಚುತ್ತಿರುವುದು ತೀರಾ ಕಡಿಮೆ. ಅದಕ್ಕೇ ನಾನು ಫೇಸ್‌ವಾಶಿನಲ್ಲಿ ದುಡ್ಡು ಉಳಿಸಿ ಇದಕ್ಕೆ ಹಾಕುತ್ತೇನೆ.

ಯಾವ ಬಗೆ? ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಮಿನರಲ್ ಸನ್‌ಸ್ಕ್ರೀನ್ ಬೇಗ ಉರಿಯುವ ಚರ್ಮಕ್ಕೆ, ಮಕ್ಕಳಿಗೆ, ಬಸುರಿಯರಿಗೆ ಒಳ್ಳೆಯದು. ತೊಂದರೆ ಏನೆಂದರೆ ನಮ್ಮ ಬಣ್ಣದ ಚರ್ಮದ ಮೇಲೆ ಬೂದಿ ಬಳಿದ ಹಾಗೆ ಕಾಣುತ್ತದೆ, ಬೆವರಿದಾಗ ಗೆರೆ ಗೆರೆಯಾಗಿ ಇಳಿಯುತ್ತದೆ. ಕೆಮಿಕಲ್ ಫಿಲ್ಟರ್ ಇರುವ ಜೆಲ್ ಸನ್‌ಸ್ಕ್ರೀನ್ ಚರ್ಮದಲ್ಲಿ ಕರಗಿ ಹೋಗುತ್ತದೆ, ಜಿಡ್ಡು ಅನ್ನಿಸುವುದಿಲ್ಲ. ಕೆಲವರಿಗೆ ಬೆವರಿನ ಜೊತೆ ಕಣ್ಣಿಗೆ ಇಳಿದು ಉರಿಯುತ್ತದೆ. ಅಂಥವರು ಕಣ್ಣಿನ ಸುತ್ತ ಮಾತ್ರ ಮಿನರಲ್ ಹಚ್ಚಬಹುದು. ಹೊರಗೆ ಕೆಲಸ ಮಾಡುವವರು ವಾಟರ್ ರೆಸಿಸ್ಟೆಂಟ್ ಅಂತ ಬರೆದಿರುವುದನ್ನೇ ಆರಿಸಿ. ಬಿಸಿಲಲ್ಲಿ ಎರಡು ಗಂಟೆಗೊಮ್ಮೆ, ತುಂಬ ಬೆವರಿ ಒರೆಸಿಕೊಂಡ ಮೇಲೆ ಮತ್ತೊಮ್ಮೆ ಹಚ್ಚಬೇಕು.

ಬಂಗು ಇರುವವರಿಗೆ ನನ್ನ ಸಲಹೆ ಬೇರೆ: ಬಣ್ಣ ಬೆರೆತ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್. ಬಂಗು ಯುವಿ ಕಿರಣದಿಂದ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕಿನಿಂದಲೂ ಜಾಸ್ತಿ ಆಗುತ್ತದೆ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಆ ಬೆಳಕನ್ನು ತಡೆಯುವುದಿಲ್ಲ. ಇದನ್ನು ಹಚ್ಚದೆ ಸಾವಿರಾರು ರೂಪಾಯಿಯ ಸೀರಮ್ ಹಾಕಿದರೆ ಅದು ಸೋರುವ ಕೊಡಕ್ಕೆ ನೀರು ಹೊಯ್ದ ಹಾಗೆ.

ಸೀರಮ್ ಅಂದಾಗ ನೆನಪಾಯಿತು. ವಿಟಮಿನ್ ಸಿ ಸೀರಮ್ ನಮ್ಮ ಸೆಕೆಗೆ ಬೇಗ ಕೆಡುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಹಚ್ಚಬೇಡಿ. ಬೇಕೇ ಬೇಕು ಅನ್ನುವವರು ಸಣ್ಣ ಬಾಟಲಿ ತಂದು ಕತ್ತಲಿರುವ ತಂಪು ಜಾಗದಲ್ಲಿ ಇಡಿ. ನನಗೆ ಅದರ ಜಾಗದಲ್ಲಿ ನಿಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಸಾಕಾಯಿತು. 5 ಶೇಕಡಾ ಇದ್ದರೆ ಸಾಲುತ್ತದೆ, 10 ನನಗೆ ಚುರುಚುರು ಅನ್ನಿಸಿತು.

ಎಲ್ಲ ಗುಳ್ಳೆಯೂ ಮೊಡವೆಯಲ್ಲ

ಮಳೆಗಾಲದಲ್ಲಿ ಈ ತಪ್ಪು ತುಂಬ ಆಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು, ಬಟ್ಟೆ ಮೂರು ದಿನಕ್ಕೂ ಒಣಗುವುದಿಲ್ಲ. ದೊಡ್ಡದು, ಸಣ್ಣದು, ಕೀವು ತುಂಬಿದ್ದು, ಕಪ್ಪು ತಲೆಯದ್ದು ಎಲ್ಲ ಬೆರೆತಿದ್ದರೆ ಅದು ಮೊಡವೆ. ಅದಕ್ಕೆ ಸ್ಯಾಲಿಸಿಲಿಕ್ ಫೇಸ್‌ವಾಶ್, ಗುಳ್ಳೆಯ ಮೇಲೆ 2.5 ಶೇಕಡಾ ಬೆನ್ಜಾಯಿಲ್ ಪೆರಾಕ್ಸೈಡ್. ಇದು ಬಟ್ಟೆಯ ಬಣ್ಣ ತಿನ್ನುತ್ತದೆ, ಬಿಳಿ ಬೈರಾಸು ಬಳಸಿ. ಎಲ್ಲ ಒಂದೇ ಅಳತೆಯ ಸಣ್ಣ ಗುಳ್ಳೆ, ಹಣೆ, ಎದೆ, ಬೆನ್ನಿನ ಮೇಲೆ, ಮತ್ತೆ ತುರಿಕೆ ಇದ್ದರೆ ಅದು ಫಂಗಸ್ ಇರಬಹುದು. ಎಲ್ಲರ ಚರ್ಮದ ಮೇಲೂ ಇರುವ ಒಂದು ಫಂಗಸ್ ಬೆವರು, ಎಣ್ಣೆ ಸಿಕ್ಕಿದಾಗ ಬೆಳೆಯುತ್ತದೆ. ಮೊಡವೆಯ ಮದ್ದಿಗೆ ಅದು ಸರಿಯಾಗಿ ಬಗ್ಗುವುದಿಲ್ಲ, ಆಂಟಿಬಯಾಟಿಕ್‌ನಿಂದ ಜಾಸ್ತಿಯೂ ಆಗಬಹುದು. ಡಾಕ್ಟರಿಗೆ ತೋರಿಸಿದರೆ ಫಂಗಸ್ಸಿನ ಮದ್ದು ಕೊಡುತ್ತಾರೆ. ಕುತ್ತಿಗೆ, ಮೊಣಕೈ ಸಂದಿಯಲ್ಲಿ ಚುಚ್ಚುವ ಕೆಂಪು ಬೆವರುಸಾಲೆಗೆ ಗಾಳಿ, ಸಡಿಲ ಹತ್ತಿಬಟ್ಟೆ, ತಣ್ಣೀರು. ಅಷ್ಟೇ.

ಮೆಡಿಕಲ್‌ನಿಂದ ತಂದ ‘ಬಿಳಿ ಕ್ರೀಮ್’

ಇದನ್ನು ಬರೆಯಲೇಬೇಕು. ನಾನು ಡಿಗ್ರಿ ಓದುವಾಗ ಒಂದು ಮೆಡಿಕಲ್‌ಗೆ ಹೋಗಿ ಮೊಡವೆಯ ಕಲೆಗೆ ಏನಾದರೂ ಕೊಡಿ ಅಂದೆ. ‘ಇದು ಹಚ್ಚಿ, ಹದಿನೈದು ದಿನದಲ್ಲಿ ಬಿಳಿ ಆಗ್ತದೆ’ ಅಂತ ಒಂದು ಸಣ್ಣ ಟ್ಯೂಬ್ ಕೊಟ್ಟರು. ಚೀಟಿ ಕೇಳಲಿಲ್ಲ. ಬಿಳಿ ಆಯಿತು, ನಿಜ. ದೊಡ್ಡಪ್ಪನ ಮಗನ ಮದುವೆಯಲ್ಲಿ ಎಲ್ಲರೂ ‘ಎಂಥ ಹಚ್ತೀ ಮಾರಾಯ್ತಿ’ ಅಂತ ಕೇಳಿದರು, ನಾನು ನಾಲ್ಕು ಜನರಿಗೆ ಹೆಸರೂ ಹೇಳಿದೆ. ಆ ನಾಲ್ಕು ಜನರನ್ನು ನೆನೆದರೆ ಇವತ್ತಿಗೂ ನನಗೆ ಸಂಕಟ ಆಗುತ್ತದೆ. ಟ್ಯೂಬ್ ಬಿಟ್ಟ ಐದನೇ ದಿನ ಮುಖ ಕೆಂಡದ ಹಾಗೆ ಉರಿಯಿತು. ಬಿಸಿ ಗಂಜಿಯ ಹಬೆ ತಾಗಿದರೂ ತಡೆಯಲು ಆಗುತ್ತಿರಲಿಲ್ಲ. ಮತ್ತೆ ಹಚ್ಚಿದರೆ ಶಾಂತ, ಬಿಟ್ಟರೆ ಉರಿ, ಮೊದಲಿಗಿಂತ ಜಾಸ್ತಿ ಮೊಡವೆ. ಸರಿಹೋಗಲು ಒಂದು ವರ್ಷ ಹಿಡಿಯಿತು.

ಅದರಲ್ಲಿ ಇದ್ದದ್ದು ಸ್ಟೀರಾಯ್ಡ್. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಹೆಸರು ಇರುತ್ತದೆ: ಬೆಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್, ಫ್ಲೂಸಿನೋಲೋನ್. ಮೊಮೆಟಾಸೋನ್ ಜೊತೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಬೆರೆಸಿದ ಕ್ರೀಮನ್ನು ಬಂಗಿಗೆ, ಬಿಳಿ ಆಗಲು ಅಂತ ತಿಂಗಳುಗಟ್ಟಲೆ ಹಚ್ಚುವವರು ನಮ್ಮ ಸುತ್ತಲೇ ಇದ್ದಾರೆ. ಇವೆಲ್ಲ ಡಾಕ್ಟರು ಹೇಳಿದಷ್ಟು ದಿನ ಮಾತ್ರ ಹಚ್ಚುವ ಮದ್ದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿಯ ಮದ್ದಿನ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಆ ಗೆರೆ ಕಂಡರೆ ಅಕ್ಕಪಕ್ಕದವರ ಮಾತು ಕೇಳಿ ಹಚ್ಚಬೇಡಿ. ಗಜಕರ್ಣಕ್ಕೆ ಹಚ್ಚಿದರಂತೂ ತುರಿಕೆ ನಿಂತ ಹಾಗೆ ಕಂಡು ಒಳಗಿಂದ ಹರಡುತ್ತದೆ. ನಮ್ಮ ಮೈಬಣ್ಣ ರೋಗವಲ್ಲ, ಅದಕ್ಕೆ ಮದ್ದು ಬೇಡ.

ಬದಲಿಸುವಾಗ ಒಂದೊಂದಾಗಿ

ಹೊಸ ವಸ್ತು ತಂದರೆ ಮೊದಲು ಕಿವಿಯ ಹಿಂದೆ ಮೂರ್ನಾಲ್ಕು ದಿನ ಹಚ್ಚಿ ನೋಡಿ. ಸರಿ ಅನ್ನಿಸಿದರೆ ಮುಖಕ್ಕೆ. ಮುಂದಿನದನ್ನು ಶುರು ಮಾಡಲು ಎರಡು ವಾರ ಬಿಡಿ. ಒಟ್ಟಿಗೆ ಮೂರು ಶುರು ಮಾಡಿದರೆ ಯಾವುದರಿಂದ ಗುಳ್ಳೆ ಬಂತು ಅಂತ ಹೇಗೆ ಹೇಳುತ್ತೀರಿ? ನಾನು ಟ್ಯೂಬ್ ತೆರೆದ ತಾರೀಖನ್ನು ಮಾರ್ಕರ್‌ನಲ್ಲಿ ಅದರ ಮೇಲೇ ಬರೆಯುತ್ತೇನೆ. ಮೊಡವೆಯ ಮದ್ದಿಗೆ 8ರಿಂದ 12 ವಾರ ಬೇಕು, ಹತ್ತು ದಿನಕ್ಕೆ ಬಿಡಬೇಡಿ. ಉರಿ ಜಾಸ್ತಿ ಆದರೆ ಎಲ್ಲ ನಿಲ್ಲಿಸಿ ಒಂದು ವಾರ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಇಷ್ಟೇ ಇಟ್ಟುಕೊಳ್ಳಿ. ಬಸುರಿಯರು, ಮಗುವಿಗೆ ಯೋಚಿಸುತ್ತಿರುವವರು ರೆಟಿನಾಲ್, ಅಡಾಪಲೀನ್, ಟ್ರೆಟಿನಾಯಿನ್ ಥರದ ವಿಟಮಿನ್ ಎ ಬಗೆಯವನ್ನು ಮುಟ್ಟಬೇಡಿ.

ಕಲೆ ಬಿಡುವ ದೊಡ್ಡ ಗಂಟು ಮೊಡವೆ, ಬೇಗ ಹರಡುವ ತುರಿಕೆ, ಆಕಾರ ಬದಲಾಗುವ ಮಚ್ಚೆ, ಮುಟ್ಟಿದರೆ ಗೊತ್ತಾಗದ ತಿಳಿಬಣ್ಣದ ಕಲೆ, ಇಂಥದ್ದಕ್ಕೆ ಮನೆಯಲ್ಲಿ ಪ್ರಯೋಗ ಬೇಡ. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ, ಮಣಿಪಾಲದ ಕೆಎಂಸಿಯಲ್ಲಿ ಚರ್ಮದ ವಿಭಾಗ ಉಂಟು. ಹೋಗುವ ದಿನ ಮುಖಕ್ಕೆ ಏನೂ ಹಚ್ಚಬೇಡಿ. ಇದುವರೆಗೆ ಹಚ್ಚಿದ ಟ್ಯೂಬ್, ಡಬ್ಬಿ, ಸೋಪಿನ ಕವರ್ ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಖಾಲಿ ಆಗಿದ್ದರೂ ಪರವಾಗಿಲ್ಲ. ನನ್ನ ಮುಖಕ್ಕೆ ಏನಾಗಿದೆ ಅಂತ ಡಾಕ್ಟರಿಗೆ ಗೊತ್ತಾದದ್ದು ಆ ಖಾಲಿ ಟ್ಯೂಬಿನ ಹಿಂಬದಿ ಓದಿದ ಮೇಲೆ.